ಎತ್ತುವ ಮುಂಚೆ ನನಗೆ ಹೇಳಿ

ನಾನು ವಿಶೇಷ ಶಿಕ್ಷಕಿ. ಶಾಲೆಯ ವಿಪತ್ತು ನಿರ್ವಹಣಾ ಯೋಜನೆ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಾಗ ಅಂಗವಿಕಲ ಮಕ್ಕಳ ಬಗ್ಗೆ ಅದರಲ್ಲಿ ಇದ್ದದ್ದು ಒಂದೇ ಸಾಲು: ‘ವಿಶೇಷ ಅಗತ್ಯದ ಮಕ್ಕಳಿಗೆ ಸಾಧ್ಯವಾದಷ್ಟು ನೆರವು ನೀಡತಕ್ಕದ್ದು.’ ಯಾರು ನೀಡಬೇಕು, ಯಾವ ಬಾಗಿಲಿಂದ ಕರೆದೊಯ್ಯಬೇಕು, ಒಂದೂ ಇಲ್ಲ. ಅಣಕು ಕಾರ್ಯಾಚರಣೆ ನಡೆದಾಗಲೆಲ್ಲ ಈ ಮಕ್ಕಳನ್ನು ತರಗತಿಯಲ್ಲೇ ಕೂರಿಸುತ್ತಿದ್ದೆವು. ಗಾಬರಿಯಾಗದಿರಲಿ ಎಂದು ನಾನೂ ಕೂರಿಸಿದ್ದೇನೆ. ನಿಜವಾಗಿ ಬೆಂಕಿ ಬಿದ್ದ ದಿನವೂ ಅವರು ಅಲ್ಲೇ ಕೂತಿರುತ್ತಾರಲ್ಲ ಎಂದು ಹೊಳೆದ ರಾತ್ರಿ ನಿದ್ದೆ ಬರಲಿಲ್ಲ.

ಮಕ್ಕಳನ್ನೇ ಕೇಳಲು ಶುರುಮಾಡಿದೆ. ಬೆಂಕಿ ಬಿದ್ದರೆ ಲಿಫ್ಟ್ ಹತ್ತುವಂತಿಲ್ಲ, ಎತ್ತಿಕೊಂಡೇ ಮೆಟ್ಟಿಲಿಳಿಸಬೇಕು. ವೀಲ್‌ಚೇರ್ ಬಳಸುವ ಎಂಟನೇ ತರಗತಿಯ ಹುಡುಗಿ ಹೇಳಿದಳು: ‘ಮಿಸ್, ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಭುಜದ ಕೀಲು ತಪ್ಪುತ್ತೆ. ಒಬ್ಬರು ಬೆನ್ನಿಗೆ, ಇನ್ನೊಬ್ಬರು ಮಂಡಿ ಕೆಳಗೆ ಕೈ ಕೊಡಲಿ. ಎತ್ತೋ ಮುಂಚೆ ನನಗೆ ಹೇಳಿ.’ ಇಬ್ಬರು ಸಿಬ್ಬಂದಿಗೆ ಹಾಗೇ ಅಭ್ಯಾಸ ಮಾಡಿಸಿದೆವು. ಅವಳ ತರಗತಿಯನ್ನು ನೆಲಮಹಡಿಗೆ ತಂದದ್ದು ಆಮೇಲೆ. ಅದನ್ನೇ ಮೊದಲು ಮಾಡಬೇಕಿತ್ತು.

ಕಿವಿ ಕೇಳದ ಹುಡುಗನಿಗಾಗಿ ತರಗತಿಯಲ್ಲಿ ಮಿನುಗುವ ದೀಪ ಹಾಕಿಸಿದೆವು. ಅವನು ಸನ್ನೆಯಲ್ಲಿ ಕೇಳಿದ: ‘ನಾನು ಶೌಚಾಲಯದಲ್ಲಿದ್ದರೆ?’ ಅಲ್ಲಿಗೂ ದೀಪ ಬಂತು. ಸೈರನ್ ಕೂಗಿದೊಡನೆ ಬೆಂಚಿನಡಿ ಸೇರಿಕೊಳ್ಳುತ್ತಿದ್ದ ಆಟಿಸಂ ಇರುವ ಬಾಲಕನಿಗೆ ವಾರಗಟ್ಟಲೆ ಬೇಕಾಯಿತು. ಅದೇ ಸದ್ದನ್ನು ಮೊಬೈಲಿನಲ್ಲಿ ತೀರಾ ಸಣ್ಣಗೆ ಕೇಳಿಸಿ ದಿನಕ್ಕಿಷ್ಟು ಏರಿಸುತ್ತ ಹೋದೆ. ಜೊತೆಗೆ ನಾಲ್ಕು ಚಿತ್ರ: ಸದ್ದು, ಹೆಡ್‌ಫೋನ್, ಬಾಗಿಲು, ಮೈದಾನ. ಈಗ ಹೆಡ್‌ಫೋನ್ ಹಾಕಿಕೊಂಡು ನನ್ನ ಕೈ ಹಿಡಿದು ಹೊರಡುತ್ತಾನೆ.

ಆಮೇಲೆ ಆ ‘ಸಾಧ್ಯವಾದಷ್ಟು’ ಎಂಬ ಪದದ ಬೆನ್ನು ಹತ್ತಿದೆ. ವಿಪತ್ತಿನಲ್ಲಿ ಮನೆ ಬಿಟ್ಟವರಿಗೆ ಆಸರೆ ಕೊಡುವ ಪರಿಹಾರ ಕೇಂದ್ರಗಳ ನಿಯಮದಲ್ಲೂ ಅದೇ ಇತ್ತು. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 11ನೇ ವಿಧಿ ವಿಪತ್ತಿನಲ್ಲಿ ಅವರ ರಕ್ಷಣೆಗೆ ‘ಅಗತ್ಯವಾದ ಎಲ್ಲ ಕ್ರಮ’ ಕೈಗೊಳ್ಳಬೇಕೆನ್ನುತ್ತದೆ. ತಮಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವುದು ಈ ಮಕ್ಕಳ ಹಕ್ಕು, ಅದಕ್ಕೆ ಬೇಕಾದ ನೆರವು ಪಡೆಯುವುದೂ ಹಕ್ಕು ಎನ್ನುವುದು 7ನೇ ವಿಧಿ. ಇವೆರಡನ್ನೂ ಲಗತ್ತಿಸಿ ಸ್ಥಳೀಯ ಆಡಳಿತಕ್ಕೆ ಬರೆದೆ. ಸಭೆಗೆ ಆ ಹುಡುಗಿಯನ್ನೂ ತಾಯಿಯನ್ನೂ ಕರೆದೊಯ್ದೆ. ಅಧಿಕಾರಿ ತಾಯಿಯ ಕಡೆಗೇ ನೋಡಿ ಪ್ರಶ್ನೆ ಹಾಕುತ್ತಿದ್ದರು. ‘ಅವಳನ್ನೇ ಕೇಳಿ ಸರ್’ ಎಂದರು ತಾಯಿ.

ಪರಿಹಾರ ಕೇಂದ್ರದ ಶೌಚಾಲಯದ ಬಾಗಿಲು ಎಷ್ಟು ಅಗಲ ಎಂದು ಅವಳು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಮರುದಿನ ಅಳೆಯಲು ಹೋದಾಗ ಟೇಪು ಹಿಡಿದದ್ದು ಅವಳೇ. ಕುರ್ಚಿ ಒಳಗೆ ಹೋಗಲಿಲ್ಲ. ಬಾಗಿಲು ಅಗಲವಾಗುವವರೆಗೆ ಆ ಕಟ್ಟಡ ಪಟ್ಟಿಯಲ್ಲಿರಬಾರದು ಎಂದು ಅಲ್ಲೇ ಬರೆದು, ಅವಳ ಸಹಿಯನ್ನೂ ಹಾಕಿಸಿ ಕೊಟ್ಟು ಬಂದೆವು.