ರಾತ್ರಿ ಟಾರ್ಚ್ ಹಿಡಿದು ಮನೆ ನೋಡಿದ್ದು

‘ಕಳ್ಳನ ಹಾಗೆ ಕತ್ತಲಲ್ಲಿ ಮನೆ ನೋಡೋಕೆ ಹೋಗ್ತೀಯಲ್ಲೋ’ ಅಂತ ಭಾವ ನಕ್ಕಿದ್ದರು. ಬ್ರೋಕರ್ ಅಂತೂ ನನ್ನ ಫೋನ್ ಎತ್ತುವುದನ್ನೇ ಬಿಟ್ಟಿದ್ದ. ಈಗ ಈ ಮನೆ ಕೊಂಡು ಬಂದು ಎರಡು ಮಳೆಗಾಲ ಆಯಿತು. ಗೋಡೆಗಳು ಒಣಗಿಕೊಂಡಿವೆ. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಂಡರೆ ತಪ್ಪಿಲ್ಲ ಅಲ್ವಾ?

ಮೊದಲ ಮನೆಯಲ್ಲಿ ಚೆನ್ನಾಗಿ ಪೆಟ್ಟು ತಿಂದಿದ್ದೆ. ಹೋದದ್ದು ಬೆಳಗ್ಗೆ 11ಕ್ಕೆ. ಒಳ್ಳೆ ಬಿಸಿಲು, ಹೊಸ ಬಣ್ಣದ ವಾಸನೆ. 20 ನಿಮಿಷ ಸುತ್ತಾಡಿ ಮುಂಗಡ ಕೊಟ್ಟುಬಿಟ್ಟೆ. ನಾಲ್ಕನೇ ತಿಂಗಳಿಗೆ ಬಣ್ಣ ಉಬ್ಬಿತು, ಆಮೇಲೆ ಗೋಡೆ ಉಪ್ಪು ಬಿಡತೊಡಗಿತು. ಕೆತ್ತಿಸಿ, ಪ್ಲಾಸ್ಟರ್ ಮಾಡಿಸಿ, ಪೈಪ್ ಬದಲಾಯಿಸುವಷ್ಟರಲ್ಲಿ ಮನೆ ಬೆಲೆಯ ನೂರಕ್ಕೆ 6-7ರಷ್ಟು ಕೈಬಿಟ್ಟಿತು. ಮಾರುವಾಗ ಅದರಲ್ಲಿ ಕಾಲು ಭಾಗವೂ ವಾಪಸ್ ಬರಲಿಲ್ಲ.

ಆ ಸಿಟ್ಟಿಗೆ ಸೂಜಿ ಚುಚ್ಚುವ ತೇವ ಮೀಟರ್ ಕೊಂಡೆ. ಅದು ಇನ್ನೊಂದು ಪೆಟ್ಟು. ಒಂದು ಮನೆಯಲ್ಲಿ ಮುಳ್ಳು ಪೂರ್ತಿ ಏರಿತು, ಬೇಡ ಅಂದೆ. ಅದನ್ನು ಕೊಂಡವರು ಪ್ಲಾಸ್ಟರ್ ಕೆತ್ತಿ ನೋಡಿದರೆ ಇಟ್ಟಿಗೆ ಒಣ ಒಣ! ಯಾವಾಗಲೋ ಸೋರಿ ನಿಂತುಹೋದ ಗೋಡೆ, ಉಪ್ಪು ಮಾತ್ರ ಉಳಿದಿತ್ತು. ಉಪ್ಪಿಗೂ ಮೀಟರ್ ಹಾಗೇ ಏರುತ್ತೆ. ಒಳ್ಳೆ ಮನೆ ಸುಮ್ನೆ ಕೈತಪ್ಪಿತು.

ಆಮೇಲೆ ಹಿಡಿದದ್ದೇ ಟಾರ್ಚ್. ದೀಪ ಎಲ್ಲ ಆರಿಸಿ, ಟಾರ್ಚನ್ನು ಗೋಡೆಗೇ ಒರಗಿಸಿ ಹಿಡಿಯಬೇಕು. ಬೆಳಕು ಗೋಡೆ ಸವರಿಕೊಂಡು ಹೋಗಬೇಕು. ಹಗಲಲ್ಲಿ ನುಣ್ಣಗೆ ಕಂಡ ಗೋಡೆಯಲ್ಲಿ ತೇಪೆ, ಉಬ್ಬು, ಪುಟ್ಟಿ ಎಳೆದ ಗೆರೆ ಎಲ್ಲಕ್ಕೂ ನೆರಳು ಏಳುತ್ತೆ. ನೋಡಿದ ಐದಾರು ಮನೆಗಳಲ್ಲಿ ಒಂದರಲ್ಲಿ, ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಗೆರೆ ಇಳಿದಿತ್ತು. ಬೆಡ್‌ಶೀಟ್ ಕೆಳಗೆ ಹಗ್ಗ ಇಟ್ಟ ಹಾಗೆ. ಬೀರು ಸರಿಸಿದೆವು. ಅಲ್ಲಿಗೆ ಪುಟ್ಟಿ ತಲುಪಿರಲಿಲ್ಲ, ಬಿರುಕು ಬಾಯಿ ಬಿಟ್ಟುಕೊಂಡೇ ಇತ್ತು. ಸುಮಾರು 5 ಮಿಲಿಮೀಟರ್, ಮೇಲೆ ಅಗಲ, ಕೆಳಗೆ ಸಣ್ಣ. ಕೂದಲೆಳೆ ಬಿರುಕಿಗೆ ನಾನು ತಲೆ ಕೆಡಿಸಿಕೊಳ್ಳಲ್ಲ. ಇಂಥದ್ದು ಕಂಡರೆ ಪಾಯ ಕುಸಿದಿರಬಹುದು ಅಂತ ಅಲ್ಲಿಂದ ಎದ್ದು ಬರುತ್ತೇನೆ.

ಎರಡನೆಯದು ಅಲ್ಯೂಮಿನಿಯಂ ಫಾಯಿಲ್. ಎರಡು ಅಂಗೈ ಅಗಲದ ತುಂಡು, ನಾಲ್ಕೂ ಅಂಚಿಗೆ ಟೇಪ್, ಎರಡು ದಿನ ಬಿಡಬೇಕು. ಗೋಡೆ ಕಡೆ ಬೆವರಿದ್ದರೆ ತೇವ ಗೋಡೆಯೊಳಗಿಂದ ಬರ್ತಿದೆ. ನಮ್ಮ ಕಡೆ ಬೆವರಿದ್ದರೆ ಅದು ಕೋಣೆ ಗಾಳಿಯದು, ಕಿಟಕಿ ತೆಗೆದಿಟ್ಟರೆ ಎಷ್ಟೋ ಕಡಿಮೆ ಆಗುತ್ತೆ. ಬೇರೆಯವರ ಮನೆ ಗೋಡೆಗೆ ಫಾಯಿಲ್ ಅಂಟಿಸಲು ಒಪ್ಪಿಸುವುದು ಹೇಗೆ ಅಂತ ಮಾತ್ರ ಕೇಳಬೇಡಿ. ಅದು ನನ್ನ ಹತ್ರನೇ ಇರಲಿ.

ನೀರಿನ ಮೀಟರ್ ಎಲ್ಲರೂ ನೋಡುತ್ತೀರಿ. ನಲ್ಲಿ ಎಲ್ಲ ಕಟ್ಟಿ ಅರ್ಧ ಗಂಟೆ ಕಾದ ಮೇಲೂ ಒಂದು ಮನೆಯಲ್ಲಿ ಅಂಕಿ ಓಡಿತು, ಅಂದರೆ ಎಲ್ಲೋ ಸೋರುತ್ತಿದೆ. ಫ್ಲಶ್ ಟ್ಯಾಂಕಿಗೆ ಅಡುಗೆ ಬಣ್ಣ ಹಾಕಿದೆ. ಕಾಲು ಗಂಟೆಯಲ್ಲಿ ಕಮೋಡ್ ನೀರು ಕೆಂಪಾಯಿತು. ಬರೀ ವಾಷರ್ ಕೆಲಸ. ಮನೆಯವರು ಮಾತ್ರ ನನ್ನನ್ನು ಕೆಂಗಣ್ಣಲ್ಲಿ ನೋಡಿದರು.

ಶಾಖ ತೋರಿಸುವ ಕ್ಯಾಮೆರಾ ಕೂಡ ಒಂದು ದಿನಕ್ಕೆ ಬಾಡಿಗೆಗೆ ತಂದಿದ್ದೆ. ನಡುಮಧ್ಯಾಹ್ನ, ಬಿಸಿಲಿಗೆ ಕಾದ ಗೋಡೆ ಪೂರ್ತಿ ಒಂದೇ ಬಣ್ಣ. ಒಣ ಜಾಗಕ್ಕೂ ತೇವದ ಜಾಗಕ್ಕೂ ಕಾವಿನಲ್ಲಿ ವ್ಯತ್ಯಾಸ ಇಲ್ಲದಿದ್ದರೆ ಅದಕ್ಕೆ ಏನೂ ಕಾಣಲ್ಲ. ಬಾಡಿಗೆ ದಂಡ. ನೆಲ ವಾಲಿದೆಯಾ ಅಂತ ಗೋಲಿ ಬಿಟ್ಟೂ ನೋಡಿದೆ, ಅದು ಒಂದೊಂದು ಟೈಲಿಗೆ ಒಂದೊಂದು ಕಡೆ ಉರುಳುತ್ತೆ. ಗಾರೆಯವರು ಮಟ್ಟ ನೋಡುವ, ನೀರು ತುಂಬಿದ ಟ್ಯೂಬ್ ಲೆವೆಲ್ಲೇ ವಾಸಿ.

ಈಗಿನ ಮನೆಗೂ ದೋಷ ಇತ್ತು. ಬಚ್ಚಲಿಗೆ ಅಂಟಿದ ಗೋಡೆಯಲ್ಲಿ ಫಾಯಿಲ್ ಗೋಡೆ ಕಡೆ ಬೆವರಿತ್ತು. ಪ್ಲಂಬರ್ ಹತ್ರ ಅಂದಾಜು ಬರೆಸಿ, ಮಾಲೀಕರ ಮುಂದಿಟ್ಟು, ಅದರ ಎರಡರಷ್ಟು ಬೆಲೆಯಲ್ಲಿ ಇಳಿಸಿದೆ. ರಿಪೇರಿ ಅಂದಾಜಿನೊಳಗೇ ಮುಗಿಯಿತು. ಉಳಿದದ್ದರಲ್ಲಿ ತೇವ ಮೀಟರು, ಕ್ಯಾಮೆರಾ ಬಾಡಿಗೆ ಎಲ್ಲ ಹುಟ್ಟಿತು.

ಭಾವನೂ ಈಗ ಮನೆ ಹುಡುಕುತ್ತಿದ್ದಾರೆ. ಮೊನ್ನೆ ಫೋನ್ ಮಾಡಿ ಟಾರ್ಚ್ ಕೇಳಿದರು. ಕೊಡ್ತೀನಿ, ಬ್ಯಾಟರಿ ನೀವೇ ಹಾಕ್ಕೊಳ್ಳಿ ಅಂದೆ.