ಹತ್ತರ ಮೇಲೂ ದುಂ ದುಂ: ಪಕ್ಕದ ಬಾರಿನ ಮೇಲೆ ದೂರು ಕೊಡುವುದು ಹೇಗೆ?

ನಮ್ಮ ಮನೆಯಲ್ಲಿ ಮೊದಲು ಎಚ್ಚರವಾಗುತ್ತಿದ್ದುದು ಪಾತ್ರೆ ಸ್ಟ್ಯಾಂಡಿನ ಸ್ಟೀಲ್ ಲೋಟಗಳಿಗೆ. ರಾತ್ರಿ ಹತ್ತೂವರೆಗೆ ಹಿಂದಿನ ಬೀದಿಯ ರೂಫ್‌ಟಾಪ್ ಬಾರಿನಲ್ಲಿ ಡಿಜೆ ಶುರುವಾದರೆ ಹಾಡು ಕೇಳುತ್ತಿರಲಿಲ್ಲ, ಬರೀ ದುಂ ದುಂ. ಒಂದಕ್ಕೊಂದು ತಾಗಿದ ಲೋಟಗಳು ಅದಕ್ಕೆ ತಾಳ ಹಾಕುತ್ತಿದ್ದವು. ಫೋನ್ ಮಾಡಿದರೆ ಪೊಲೀಸರ ಹೊಯ್ಸಳ ಗಾಡಿ ಬರುತ್ತಿತ್ತು, ಸದ್ದು ಇಳಿಯುತ್ತಿತ್ತು. ಗಾಡಿ ತಿರುವು ದಾಟಿದ್ದೇ ತಡ, ಮತ್ತೆ ಏರುತ್ತಿತ್ತು. ಮೂರು ತಿಂಗಳು ಹೀಗೇ ಕಳೆದ ಮೇಲೆ ನಮಗೆ ಹೊಳೆಯಿತು: ನಾವು ದೂರು ಕೊಡುತ್ತಿದ್ದುದು ಸದ್ದಿನ ಮೇಲೆ, ಕೊಡಬೇಕಿದ್ದುದು ಲೈಸೆನ್ಸಿನ ಮೇಲೆ. ಸದ್ದು ಬೆಳಗಾದರೆ ಇರುವುದಿಲ್ಲ. ಲೈಸೆನ್ಸಿಗೆ ಒಂದು ಫೈಲು ಇರುತ್ತದೆ, ವರ್ಷಕ್ಕೊಮ್ಮೆ ನವೀಕರಣವೂ ಇರುತ್ತದೆ.

ಮೊದಲು ಅದು ಯಾವ ಬಾರು ಎಂದು ತಿಳಿಯಿರಿ

ಜನರ ಬಾಯಲ್ಲಿ ಎಲ್ಲವೂ ಬಾರೇ. ಅಬಕಾರಿ ಇಲಾಖೆಗೆ ಹಾಗಲ್ಲ, ಅಲ್ಲಿ ಒಂದೊಂದು ಬಗೆಗೂ ಬೇರೆ ಬೇರೆ ಲೈಸೆನ್ಸ್ ಸಂಖ್ಯೆ. ಬಾಟಲಿ ಮಾರುವ ವೈನ್ ಶಾಪ್ ಸಿಎಲ್-2, ಕ್ಲಬ್ಬು ಸಿಎಲ್-4, ವಸತಿಗೃಹಕ್ಕೆ ಹೊಂದಿಕೊಂಡದ್ದು ಸಿಎಲ್-7, ನಾವು ನೀವು ಕಾಣುವ ಬಾರ್ ಆ್ಯಂಡ್ ರೆಸ್ಟೋರೆಂಟ್ ಸಿಎಲ್-9. ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಏಕೆಂದರೆ ಸಿಎಲ್-2ರಲ್ಲಿ ಸೀಲಾದ ಬಾಟಲಿ ಕೊಂಡು ಮನೆಗೆ ಹೋಗಬೇಕು, ಅಲ್ಲೇ ನಿಂತು ಕುಡಿಯುವಂತಿಲ್ಲ. ಸಣ್ಣ ಊರುಗಳ ಬಡಾವಣೆಗಳಲ್ಲಿ ಗಲಾಟೆಯ ಮೂಲ ಬಹುಪಾಲು ಇದೇ: ಹೆಸರಿಗೆ ವೈನ್ ಶಾಪ್, ಸಂಜೆಯಾದರೆ ಪ್ಲಾಸ್ಟಿಕ್ ಲೋಟ, ಕಡ್ಲೆಬೀಜ, ಸ್ಟ್ಯಾಂಡಿಂಗ್ ಬಾರು. ಅಂಥ ಕಡೆ ಡೆಸಿಬಲ್ ಲೆಕ್ಕಕ್ಕೆ ಹೋಗಲೇಬೇಡಿ. ಅಂಗಡಿ ಮುಂದೆ ಕುಡಿಯುತ್ತಿರುವ ನಾಲ್ಕು ಫೋಟೋ ಅದಕ್ಕಿಂತ ಹೆಚ್ಚು ಮಾತಾಡುತ್ತವೆ.

ಹತ್ತು ಗಂಟೆಗೂ ಒಂದು ಗಂಟೆಗೂ ಇರುವ ವ್ಯತ್ಯಾಸ

ಬೆಂಗಳೂರಿನಲ್ಲಿ ಬಾರುಗಳು ರಾತ್ರಿ 1 ಗಂಟೆಯವರೆಗೆ ತೆರೆದಿರಬಹುದು ಎಂದು ಸರ್ಕಾರ 2024ರಲ್ಲಿ ಆದೇಶ ಹೊರಡಿಸಿತು. ಮ್ಯಾನೇಜರುಗಳು ಎದುರಿಗೆ ಹಿಡಿಯುವುದು ಇದನ್ನೇ. ‘ಒಂದು ಗಂಟೆವರ್ಗೂ ಪರ್ಮಿಷನ್ ಇದೆ ಸರ್’ ಅನ್ನುತ್ತಾರೆ. ಇದೆ, ಹೆಂಡ ಬಡಿಸಲು. ಸ್ಪೀಕರಿಗೆ ಬೇರೆಯೇ ಕಾನೂನು.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ತೆರೆದ ಜಾಗದಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಶನಿವಾರದ ಡಿಜೆ ಅದರಲ್ಲಿ ಬರುವುದಿಲ್ಲ. ಹಾಗಾಗಿ ನಿಮ್ಮ ಬಾರು ಟೆರೇಸಿನಲ್ಲೋ ಅಂಗಳದಲ್ಲೋ ಇದ್ದರೆ, 10ರ ಮೇಲೆ ಸ್ಪೀಕರ್ ಹಾಕಿದ್ದೇ ತಪ್ಪು, ಎಷ್ಟು ಜೋರು ಎಂಬ ಪ್ರಶ್ನೆ ಆಮೇಲಿನದು. ನಾಲ್ಕು ಗೋಡೆಯ ಒಳಗಿದ್ದರೆ ಮಾತ್ರ ಅಳತೆ ಬರುತ್ತದೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಖಾಸಗಿ ಜಾಗದ ಸ್ಪೀಕರಿನ ಸದ್ದು ಆ ಜಾಗದ ಎಲ್ಲೆಯಲ್ಲಿ ಈ ಮಿತಿಗಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೀರುವಂತಿಲ್ಲ.

ಮೊಬೈಲ್ ಆ್ಯಪಿನಲ್ಲಿ ಅಳೆದದ್ದು ಪುರಾವೆಯಾಗಿ ನಿಲ್ಲುವುದು ಕಷ್ಟ, ಆದರೆ ಅಧಿಕಾರಿಯನ್ನು ಮೀಟರ್ ಸಮೇತ ಕರೆಸಲು ನೆವವಾಗುತ್ತದೆ. ಒಂದು ಎಚ್ಚರಿಕೆ. ಮೀಟರುಗಳು ನಮ್ಮ ಕಿವಿಯ ಸೂಕ್ಷ್ಮತೆಗೆ ಹೊಂದಿಸಿದ ಲೆಕ್ಕದಲ್ಲಿ ಅಳೆಯುತ್ತವೆ. 63 ಹರ್ಟ್ಜ್‌ನಷ್ಟು ಕೆಳಗಿನ ಸದ್ದಿನಲ್ಲಿ ಸುಮಾರು 26 ಡೆಸಿಬಲ್ ಕಳೆದು ತೋರಿಸುತ್ತವೆ. ಗೋಡೆ ತೂರಿ ಬರುವುದೂ ಲೋಟ ನಡುಗಿಸುವುದೂ ಅದೇ ಸದ್ದು. ಮೀಟರ್ ‘ಪರವಾಗಿಲ್ಲ’ ಅಂದ ರಾತ್ರಿಯೂ ನಿದ್ದೆ ಬರದಿದ್ದರೆ ಅದು ನಿಮ್ಮ ಭ್ರಮೆಯಲ್ಲ. ಅದಕ್ಕೇ ನಾವು ಲೋಟಗಳ ವಿಡಿಯೊವನ್ನೂ ತೆಗೆದಿಟ್ಟೆವು.

ಒಂದು ನೋಟ್‌ಬುಕ್ ಇಡಿ

ಇನ್ನೂರು ಪುಟದ ಸಾದಾ ಪುಸ್ತಕ ಸಾಕು. ತಾರೀಖು, ಶುರುವಾದ ಹೊತ್ತು, ನಿಂತ ಹೊತ್ತು, ಕಿಟಕಿ ಮುಚ್ಚಿದ್ದಾಗ ಕೇಳಿಸಿತೇ, ಯಾರಿಗೆ ಫೋನ್ ಮಾಡಿದಿರಿ, ಅವರು ಏನೆಂದರು. ಬೈಗುಳ ಬೇಡ. ‘ಯಾವಾಗಲೂ ಗಲಾಟೆ’ ಎಂಬ ದೂರಿಗೆ ಅಧಿಕಾರಿ ತಲೆಯಾಡಿಸುತ್ತಾರೆ, ‘ಹನ್ನೊಂದು ಶನಿವಾರಗಳಲ್ಲಿ ಒಂಬತ್ತು’ ಎಂದರೆ ಪೆನ್ನು ತೆಗೆಯುತ್ತಾರೆ. ಅಕ್ಕಪಕ್ಕದ ಮೂರು ಮನೆಯವರೂ ತಮ್ಮ ತಮ್ಮ ಪುಸ್ತಕ ಬರೆದರೆ ಇನ್ನೂ ಒಳ್ಳೆಯದು. ಒಬ್ಬರೇ ಓಡಾಡಿದರೆ ‘ಆ ಮನೆಯವರಿಗೆ ಏನೋ ದ್ವೇಷ’ ಎಂದು ಸುಲಭವಾಗಿ ತಳ್ಳಿಹಾಕುತ್ತಾರೆ.

ಬಾರಿನವರ ಜೊತೆ ಒಂದು ಸಲ ಮಾತಾಡಿ, ಅದೂ ಮಧ್ಯಾಹ್ನ, ಮಾಲೀಕರ ಹತ್ತಿರವೇ. ಕುಡಿದವರ ಎದುರು ರಾತ್ರಿ ಹೋಗಿ ನಿಲ್ಲಬೇಡಿ. ನಮ್ಮ ಎದುರುಮನೆಯ ಅಜ್ಜಿ ಹೋಗಿ, ‘ಮಗಾ, ನಿನ್ನ ವ್ಯಾಪಾರಕ್ಕೆ ನಾನ್ಯಾಕೆ ಅಡ್ಡ ಬರ್ಲಿ? ಆ ಡಬ್ಬ ಒಂಚೂರು ಆ ಕಡೆ ತಿರುಗ್ಸು’ ಎಂದರು. ತಿರುಗಿಸಿದರು, ಎರಡು ವಾರ. ಅಷ್ಟಾದರೂ ‘ಮೊದಲು ತಿಳಿಸಿದ್ದೇವೆ’ ಎಂದು ಪುಸ್ತಕದಲ್ಲಿ ಬರೆಯಲು ಒಂದು ಸಾಲು ಸಿಕ್ಕಿತು.

ರಾತ್ರಿಯ ದೂರು, ಹಗಲಿನ ದೂರು

ರಾತ್ರಿ ಕರೆ ಮಾಡಬೇಕಾದದ್ದು 112ಕ್ಕೆ. ‘ಶಬ್ದ ಜಾಸ್ತಿ’ ಅನ್ನಬೇಡಿ. ‘ಹತ್ತರ ಮೇಲೆ ತೆರೆದ ಟೆರೇಸಿನಲ್ಲಿ ಧ್ವನಿವರ್ಧಕ’ ಎನ್ನಿ. ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ನಿಮ್ಮ ಹೆಸರು ಬಾರಿನವರಿಗೆ ಹೇಳಬೇಡಿ ಎಂದು ಕರೆಯಲ್ಲೇ ತಿಳಿಸಿ.

ಹಗಲಿನ ದೂರು ಠಾಣೆಯ ಇನ್‌ಸ್ಪೆಕ್ಟರಿಗೆ ಬರಹದಲ್ಲಿ ಹೋಗಬೇಕು, ಒಂದು ಪ್ರತಿ ಎಸಿಪಿಗೆ. ಬೇರೆ ಊರುಗಳಲ್ಲಿ ಡಿವೈಎಸ್‌ಪಿಗೆ. ಶಬ್ದ ನಿಯಮದಡಿ ಕ್ರಮ ಕೈಗೊಳ್ಳಬೇಕಾದ ಪ್ರಾಧಿಕಾರ ಆ ದರ್ಜೆಗಿಂತ ಕೆಳಗಿನದಲ್ಲ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಕ್ರಮ ಏನಾಯಿತು ಎಂದು ಕೇಳಿ ಹಿಂಬರಹ, ಅಂದರೆ ಬರಹದಲ್ಲಿ ಉತ್ತರ, ಪಡೆಯಿರಿ. ಬೆಂಗಳೂರಿನಲ್ಲಿ ಲೈವ್ ಬ್ಯಾಂಡ್, ಡಿಸ್ಕೊ ನಡೆಯುತ್ತಿದ್ದರೆ ಇನ್ನೊಂದು ಪ್ರಶ್ನೆ ಸೇರಿಸಿ: 2005ರ ಸಾರ್ವಜನಿಕ ಮನರಂಜನಾ ಆದೇಶದಡಿ ಪೊಲೀಸ್ ಆಯುಕ್ತರ ಲೈಸೆನ್ಸ್ ಇದೆಯೇ? ಈ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ ಬೆಂಗಳೂರಿನ ಎಷ್ಟೋ ಪಬ್ಬುಗಳು ಕೆಲಕಾಲ ಹಾಡನ್ನೇ ನಿಲ್ಲಿಸಿದ್ದವು. ಅಂದರೆ ಇಚ್ಛೆ ಇದ್ದರೆ ಆಗುತ್ತದೆ.

ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಂದು ಪ್ರತಿ ಕಳಿಸಿ. ಅದರ ಕೇಂದ್ರ ಕಚೇರಿ ಪರಿಸರ ಭವನ ಇರುವುದು ಪಬ್ಬುಗಳಿಗೇ ಹೆಸರಾದ ಚರ್ಚ್ ಸ್ಟ್ರೀಟಿನಲ್ಲಿ, ಹಾಗಾಗಿ ವಿಷಯ ಬಿಡಿಸಿ ಹೇಳಬೇಕಾದ ಅಗತ್ಯ ಬೀಳಲಾರದು.

ಹತ್ತು ರೂಪಾಯಿಯ ಅರ್ಜಿ

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು. ಅಬಕಾರಿ ಇಲಾಖೆಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಕಥೆ ಬರೆದರೆ ಅದೇ ಕಾರಣಕ್ಕೆ ವಾಪಸ್ ಬರುತ್ತದೆ. ಕೇಳಬೇಕಾದದ್ದು ಇಷ್ಟೇ: ಸನ್ನದಿನ (ಅಂದರೆ ಲೈಸೆನ್ಸಿನ) ಪ್ರತಿ, ಅದರ ಷರತ್ತುಗಳು, ಅನುಮೋದಿತ ನಕ್ಷೆ ಮತ್ತು ಚಕ್ಕುಬಂದಿ.

ಚಕ್ಕುಬಂದಿ ಎಂಬ ಹಳೇ ಪದವನ್ನು ಮರೆಯಬೇಡಿ. ಮದ್ಯ ಬಡಿಸಲು ಅನುಮತಿ ಇರುವುದು ಆ ನಾಲ್ಕು ಎಲ್ಲೆಗಳ ಒಳಗೆ ಮಾತ್ರ. ನಮಗೆ ಬಂದ ನಕ್ಷೆಯಲ್ಲಿ ಇದ್ದದ್ದು ಮೊದಲ ಮಹಡಿ ಒಂದೇ. ಟೆರೇಸ್ ಇರಲೇ ಇಲ್ಲ! ಮೂರು ತಿಂಗಳಿಂದ ನಮ್ಮ ನಿದ್ದೆ ಕೆಡಿಸಿದ ಜಾಗ ಕಾಗದದಲ್ಲಿ ಬರೀ ಆಕಾಶ.

ಶಾಲೆ, ಆಸ್ಪತ್ರೆ, ದೇವಸ್ಥಾನಗಳಿಂದ 100 ಮೀಟರ್ ಅಂತರದ ನಿಯಮವೂ ಇದೆ. ಎಲ್ಲ ಬಗೆಯ ಸನ್ನದಿಗೂ ಅದು ಒಂದೇ ರೀತಿ ಅನ್ವಯಿಸುತ್ತದೆ ಎಂದುಕೊಂಡು ಮುಂದುವರಿಯಬೇಡಿ, ನಿಮ್ಮ ಬಾರಿನ ಸಿಎಲ್ ಸಂಖ್ಯೆ ನೋಡಿಕೊಂಡು ಬರೆಯಿರಿ.

ಇನ್ನು ಹೊತ್ತಿನ ಮಾತು. ಅಬಕಾರಿ ವರ್ಷ ನಡೆಯುವುದು ಜುಲೈ 1ರಿಂದ ಜೂನ್ 30ರವರೆಗೆ. ಆಗಸ್ಟಿನಲ್ಲಿ ಕೊಟ್ಟ ದೂರು ಕಡತದೊಳಗೆ ಹಾಯಾಗಿ ಮಲಗುತ್ತದೆ. ಏಪ್ರಿಲ್, ಮೇನಲ್ಲಿ ಜಿಲ್ಲೆಯ ಅಬಕಾರಿ ಉಪ ಆಯುಕ್ತರಿಗೆ ‘ನವೀಕರಣಕ್ಕೆ ಆಕ್ಷೇಪಣೆ’ ಎಂಬ ತಲೆಬರಹ ಹಾಕಿ ಕೊಟ್ಟದ್ದನ್ನು ಪಕ್ಕಕ್ಕಿಡುವುದು ಅಷ್ಟು ಸುಲಭವಲ್ಲ. ನೋಟ್‌ಬುಕ್ಕಿನ ಜೆರಾಕ್ಸ್, ಠಾಣೆಯ ಸೀಲಿರುವ ಪ್ರತಿ, ನಕ್ಷೆ, ಟೆರೇಸಿನ ಫೋಟೋ ಲಗತ್ತಿಸಿ. ನಾವು ಕೊಟ್ಟದ್ದು ಮೇ ಎರಡನೇ ವಾರ. ಜೂನ್ ಮುಗಿಯುವುದರೊಳಗೆ ಟೆರೇಸಿನ ಸ್ಪೀಕರುಗಳು ಕೆಳಗಿಳಿದಿದ್ದವು. ಮೊದಲ ಮಹಡಿಯಿಂದ ಶನಿವಾರ ಈಗಲೂ ಕೊಂಚ ಕೇಳುತ್ತದೆ, ಲೋಟಗಳು ಮಾತ್ರ ಸುಮ್ಮನಿವೆ.

ಪಾಲಿಕೆಯಲ್ಲಿ ನೋಡಬೇಕಾದದ್ದು ಉದ್ದಿಮೆ ಪರವಾನಗಿ, ಕಟ್ಟಡದ ಸ್ವಾಧೀನಾನುಭವ ಪತ್ರ, ಅಗ್ನಿಶಾಮಕ ಇಲಾಖೆಯ ಒಪ್ಪಿಗೆ. 2023ರ ಅಕ್ಟೋಬರಿನಲ್ಲಿ ಕೋರಮಂಗಲದ ರೂಫ್‌ಟಾಪ್ ಕೆಫೆಯೊಂದಕ್ಕೆ ಬೆಂಕಿ ಬಿದ್ದ ಮೇಲೆ ಮೇಲ್ಚಾವಣಿಯ ಅಡುಗೆಮನೆ, ಸಿಲಿಂಡರುಗಳ ಫೋಟೋಗೆ ತೂಕ ಬಂದಿದೆ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರಿನಿಂದ ಐದು ಪಾಲಿಕೆಗಳಿರುವುದರಿಂದ, ನಿಮ್ಮ ಬೀದಿ ಯಾವುದಕ್ಕೆ ಸೇರುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲವಾದರೆ ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂಬ ಉತ್ತರಕ್ಕೇ ತಿಂಗಳು ಕಾಯಬೇಕು.

ಯಾವುದೂ ನಡೆಯದಿದ್ದರೆ

ಹೈಕೋರ್ಟಿಗೆ ರಿಟ್ ಹಾಕಬಹುದು. ಇಂದಿರಾನಗರದ ನಿವಾಸಿಗಳು ಪಬ್ಬುಗಳ ಗದ್ದಲದ ವಿಚಾರದಲ್ಲಿ ಆ ಮೆಟ್ಟಿಲೇರಿದ್ದಾರೆ. ನಿದ್ದೆಗೆಡಿಸುವ ಸದ್ದಿಲ್ಲದೆ ಬದುಕುವುದು ಸಂವಿಧಾನದ 21ನೇ ವಿಧಿಯ ಹಕ್ಕಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2005ರಲ್ಲೇ ಹೇಳಿದೆ. ನ್ಯಾಯಾಲಯ ಮೊದಲು ಕೇಳುವುದು ‘ಅಧಿಕಾರಿಗಳಿಗೆ ದೂರು ಕೊಟ್ಟಿದ್ದಿರಾ?’ ಎಂದು, ಸೀಲು ಬಿದ್ದ ಪ್ರತಿಗಳು ಆಗ ಹೊರಬರಬೇಕು. ಚೆನ್ನೈನಲ್ಲಿ ಪೀಠವಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇನ್ನೊಂದು ದಾರಿ. ಅಲ್ಲಿ ತೊಂದರೆ ಮೊದಲು ಶುರುವಾದ ದಿನದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಸಕಾರಣವಿದ್ದರೆ 60 ದಿನ ಹೆಚ್ಚಿಗೆ ಸಿಗಬಹುದು. ವಕೀಲರ ಹತ್ತಿರ ಹೋಗುವಾಗ ನೋಟ್‌ಬುಕ್ ಜೊತೆಗಿರಲಿ, ಅವರು ಮೊದಲು ತೆರೆದು ನೋಡುವುದು ಮೊದಲ ಪುಟದ ತಾರೀಖನ್ನು.