ಪೊದೆಯೊಳಗಿನ ಜೋಡಿ ದನಿ: ಕುಡುಗೋಲು ಕೊಕ್ಕಿನ ಹರಟೆಮಲ್ಲನನ್ನು ಕಿವಿಯಿಂದ ಹುಡುಕುವ ಬಗೆ

ನಮ್ಮ ಮನೆ ಹಿಂದೆ ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ. ಬೆಟ್ಟದ ಪೊದೆಯಿಂದ ದಿನಾ ಬೆಳಿಗ್ಗೆ ಒಂದು ಕೂಗು ಕೇಳುತ್ತಿತ್ತು. "ಊಪ್... ಪು-ಪು-ಪು", ಹಿಂದೆಯೇ "ಕ್ರು-ಕ್ರು". ಮೊದಲ ಭಾಗ ಖಾಲಿ ಬಾಟಲಿಯ ಬಾಯಿಗೆ ಊದಿದ ಹಾಗೆ, ಕೊನೆಯದು ಒರಟು. ಎಷ್ಟೋ ವರ್ಷ ಅದನ್ನು ಒಂದೇ ಹಕ್ಕಿಯ ಕೂಗು ಅಂತ ನಂಬಿದ್ದೆ. ಆಮೇಲೆ ಗೊತ್ತಾಯಿತು, ಊದುವುದು ಗಂಡು, ಒರಟಾಗಿ ಮುಗಿಸುವುದು ಹೆಣ್ಣು. ನಡುವೆ ಉಸಿರೆಳೆಯುವಷ್ಟೂ ಬಿಡುವಿಲ್ಲ.

ಹಕ್ಕಿ ನೋಡುವವರು ಇದನ್ನು ಇಂಡಿಯನ್ ಸಿಮಿಟರ್ ಬ್ಯಾಬ್ಲರ್ ಅನ್ನುತ್ತಾರೆ. ಉದ್ದ ಸುಮಾರು 22 ಸೆಂಟಿಮೀಟರ್, ಹೆಚ್ಚುಕಡಿಮೆ ಮೈನಾದಷ್ಟು. ಹಳದಿ ಕೊಕ್ಕು ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿದೆ. ಕಣ್ಣಿನ ಮೇಲೆ ಉದ್ದದ ಬಿಳಿ ಹುಬ್ಬು, ಕಣ್ಣನ್ನೇ ಹಾದುಹೋಗುವ ಕಪ್ಪು ಪಟ್ಟಿ, ಬಿಳಿ ಕುತ್ತಿಗೆ, ಬಿಳಿ ಎದೆ. ಇಷ್ಟು ಎದ್ದು ಕಾಣುವ ಬಣ್ಣವಿದ್ದರೂ ಪೊದೆಯೊಳಗೆ ಹೊಕ್ಕರೆ ಮುಗಿಯಿತು, ಕಾಣುವುದೇ ಇಲ್ಲ. ಅದಕ್ಕೇ ಮೊದಲು ಕಿವಿ, ಆಮೇಲೆ ಕಣ್ಣು.

ಬೆಳಕು ಹರಿಯುವ ಮೊದಲೇ ಹೋಗಿ ಕೂತುಬಿಡಿ. ಬಿದಿರು, ಮುಳ್ಳುಪೊದೆ, ಕೊಳೆತ ಮರದ ದಿಮ್ಮಿ ಒಟ್ಟಿಗೆ ಇರುವ ಜಾಗ ಒಳ್ಳೆಯದು. ದನಿ ಬಂದ ಕಡೆಗೆ ಎದ್ದು ನಡೆಯಬೇಡಿ. ನಾನು ಮಾಡುತ್ತಿದ್ದ ತಪ್ಪೇ ಅದು. ತರಗೆಲೆ ಮೇಲೆ ನನ್ನ ಹೆಜ್ಜೆ ಬಿದ್ದ ಕೂಡಲೇ ಎಲ್ಲ ಮೌನ, ಕಾಲಿಗೆ ಮಾತ್ರ ಉಂಬಳ.

ಕೂಗು ಶುರುವಾದಾಗ ಕಣ್ಣು ಮುಚ್ಚಿ. ಊದುವ ದನಿ ಕಿವಿಗೆ ತಾನಾಗಿಯೇ ಬೀಳುತ್ತದೆ, ತಗ್ಗಿದ ಸ್ವರ ದಟ್ಟ ಸೊಪ್ಪಿನ ನಡುವೆಯೂ ಚೆನ್ನಾಗಿ ಸಾಗುತ್ತದೆ. ನೀವು ಕಾಯಬೇಕಾದ್ದು ಅದರ ಬಾಲಕ್ಕೆ. ಎರಡೂ ಕಿವಿಯ ಹಿಂದೆ ಅಂಗೈ ಬಟ್ಟಲು ಮಾಡಿ ಹಿಡಿದು "ಕ್ರು-ಕ್ರು" ಎಲ್ಲಿಂದ ಬಂತು ಅಂತ ಗಮನಿಸಿ. ನಾಲ್ಕೈದು ಸಲ ಕೇಳಿದರೆ ಅದು ತುಸು ಪಕ್ಕದಿಂದ ಬರುವುದು ತಿಳಿಯುತ್ತದೆ. ಆ ಕ್ಷಣದಲ್ಲಿ ಒಂದು ಕೂಗು ಎರಡಾಗಿ ಬಿಡಿಸಿಕೊಳ್ಳುತ್ತದೆ ನೋಡಿ, ಅದರ ಖುಷಿಯೇ ಬೇರೆ.

ಕೆಂಬೂತದ ಜೊತೆ ಗೊಂದಲ ಆಗುವುದುಂಟು. ಕೆಂಬೂತ "ಊಪ್ ಊಪ್ ಊಪ್" ಅಂತ ಉದ್ದಕ್ಕೆ ಕೂಗುತ್ತಲೇ ಹೋಗುತ್ತದೆ, ದನಿಯೂ ಭಾರ. ಇದು ಮೂರು ನಾಲ್ಕು ಸ್ವರಕ್ಕೇ ನಿಲ್ಲುತ್ತದೆ. ಭೀಮರಾಜ ಹತ್ತಿರದಲ್ಲಿದ್ದರೆ ಇನ್ನೂ ಹುಷಾರು, ಅದು ಬೇರೆ ಹಕ್ಕಿಗಳ ದನಿಯನ್ನೂ ಅಣಕಿಸುತ್ತದೆ. ಆದರೆ ಮರಿ ಮಾಡುವ ಕಾಲ ಕಳೆದ ಮೇಲೆ ನಮ್ಮ ಹರಟೆಮಲ್ಲ ಭೀಮರಾಜವೂ ಇರುವಂಥ, ಹಲವು ಜಾತಿಯ ಹಕ್ಕಿಗಳ ಗುಂಪಿನಲ್ಲಿ ಸೇರಿ ಮೇಯುತ್ತದೆ. ಹಾಗಾಗಿ ಮೇಲೆ ಭೀಮರಾಜ ಕಂಡರೆ ಕೆಳಗಿನ ಪೊದೆಯನ್ನೂ ಒಮ್ಮೆ ನೋಡಿ.

ಮೊಬೈಲಿನಲ್ಲಿ ದನಿ ರೆಕಾರ್ಡ್ ಮಾಡಿಕೊಳ್ಳಿ, ಆದರೆ ಅದನ್ನೇ ಹಾಕಿ ಹಕ್ಕಿಯನ್ನು ಕರೆಯಬೇಡಿ. ಬೇರೆ ಜೋಡಿ ತನ್ನ ಜಾಗಕ್ಕೆ ನುಗ್ಗಿತು ಅಂತ ಅದು ಮೇವು ಬಿಟ್ಟು, ಗೂಡು ಬಿಟ್ಟು ಬರುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಮರಿ ಮಾಡುವ ಕಾಲ, ಆಗ ಇನ್ನೂ ಜಾಗ್ರತೆ ಬೇಕು. ಹುಲ್ಲು, ಒಣಗಿದ ಎಲೆ ಸೇರಿಸಿ ಕಟ್ಟಿದ ಉಂಡೆಯಂಥ ಗೂಡು ನೆಲದ ಮೇಲೋ ನೆಲದ ಹತ್ತಿರವೋ ಇರುತ್ತದೆ. ಒಳಗೆ ಅಚ್ಚ ಬಿಳಿ ಮೊಟ್ಟೆ. ಕಾಲುದಾರಿ ಬಿಟ್ಟು ಇಳಿದರೆ ತುಳಿದದ್ದೂ ಗೊತ್ತಾಗುವುದಿಲ್ಲ.

ಒಂದು ಫೆಬ್ರವರಿ ಬೆಳಿಗ್ಗೆ, ಕೂತು ಮುಕ್ಕಾಲು ಗಂಟೆ ಆಗಿತ್ತು. ಹತ್ತು ಹೆಜ್ಜೆ ಆಚೆ ಮತ್ತಿಮರದ ಬುಡದಲ್ಲಿ ತರಗೆಲೆ ಎಗರಿ ಬಿತ್ತು, ಇನ್ನೊಂದು ಎಗರಿತು. ಹಳದಿ ಕೊಕ್ಕು ಹೊರಬಂತು. ಸಡಿಲ ತೊಗಟೆಯ ಸಂದಿಗೆ ಕೊಕ್ಕನ್ನು ಬುಡದವರೆಗೂ ತೂರಿಸಿ, ಒಂದು ಹುಳ ಎಳೆದು ನುಂಗಿತು. ಆಮೇಲೆ ಕತ್ತೆತ್ತಿತು. ಬಿಳಿ ಕುತ್ತಿಗೆ ಉಬ್ಬಿತು. "ಊಪ್... ಪು-ಪು-ಪು". ಕೊನೆಯ "ಪು" ಮುಗಿಯುವ ಮೊದಲೇ, ಕಾಣದ ಪೊದೆಯೊಳಗಿಂದ, "ಕ್ರು-ಕ್ರು".